ಸುಳ್ಳು ರೈಟ್

ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿಸಿ, ನಡುವೆ ನಾಲ್ಕು ಕಡೆ ಕೂರಿಸಿ ನೀರು ಕುಡಿಸಿ, ಗೋಪುರದ ತುದಿಗೆ ತಂದು ನಿಲ್ಲಿಸಿದ ಮಗಳು, "ನೋಡಪ್ಪಾ, ಇಡೀ ಊರು ಕಾಣುತ್ತೆ" ಎಂದಳು. ಕಂಡಕ್ಟರು ಕಂಬಿ ಹಿಡಿದು ಏದುಸಿರು ಇಳಿಯುವ ತನಕ ಕಾದರು. ಒಂದು ಸುತ್ತು ಕಣ್ಣಾಡಿಸಿದರು. ಆಮೇಲೆ ಕೇಳಿದರು: "ನಿಮ್ಮ ಡಿಪೋ ಯಾವ ಕಡೆ?"

ಮಗಳ ಮುಖ ಸಪ್ಪಗಾಯಿತು.

"ಮುನ್ನೂರು ಮೆಟ್ಟಿಲು ಹತ್ತಿ ಬಂದು ಡಿಪೋ ಹುಡುಕ್ತಿದೀರಲ್ರೀ" ಎಂದರು ಕಂಡಕ್ಟರ ಹೆಂಡತಿ, ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ. "ಗುಡಿಗೆ ಹೋಗಿ ದೇವರನ್ನ ಬಿಟ್ಟು ಚಪ್ಪಲಿ ಕಾದಂಗಾಯ್ತು."

"ಚಪ್ಪಲಿ ಕಾಯೋರು ಇದ್ರೇನೇ ಬಾಕಿಯವರಿಗೆ ದೇವರ ಮೇಲೆ ಗಮನ ಇರೋದು" ಎಂದರು ಕಂಡಕ್ಟರು. ಮಾತಿನಲ್ಲಿ ಅವರನ್ನು ಸೋಲಿಸಿದವರು ಕಡಿಮೆ. ಮೂವತ್ನಾಲ್ಕು ವರ್ಷ ತುಂಬಿದ ಬಸ್ಸಿನಲ್ಲಿ ನಿಂತು ಗಳಿಸಿದ ನಾಲಿಗೆ ಅದು.

ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಅವರು ಕಂಡಕ್ಟರೇ. ಬೀದಿಯವರಿಗೂ, ಬೀಗರಿಗೂ, ಹೆಂಡತಿಗೆ ಸಿಟ್ಟು ಬಂದಾಗಲೂ ಅವರಿಗೆ ಅದೇ ಹೆಸರು. ದಿನದ ಮೊದಲ ಟ್ರಿಪ್ಪಿಗೆ ಮುಂಚೆ ಫುಟ್‌ಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರ ಪೂಜೆಯಾಗಿತ್ತು. ವಿಸಿಲ್ಲು ಜೇಬಿನಲ್ಲೇ ಮಲಗಿರುತ್ತಿತ್ತು; ಬಸ್ಸಿನ ಮೈಗೆ ಅಂಗೈಯಿಂದ ಒಂದು ಏಟು ಕೊಟ್ಟರೆ ಹೋಲ್ಡಾನ್, ನಿಲ್ಲು; ಎರಡು ಏಟು ಕೊಟ್ಟರೆ ರೈಟ್, ಹೊರಡು. ಕೊನೆಯ ಪಾದ ಮೆಟ್ಟಿಲು ಬಿಟ್ಟು ಒಳಗೆ ಬಂತೆಂದು ಕಣ್ಣಾರೆ ಕಾಣದೆ ಅವರು ಎರಡನೆಯ ಏಟು ಕೊಟ್ಟವರಲ್ಲ. ಮೂವತ್ನಾಲ್ಕು ವರ್ಷದಲ್ಲಿ ಅವರ ಫುಟ್‌ಬೋರ್ಡಿನಿಂದ ಒಂದು ನರಪಿಳ್ಳೆಯೂ ಬಿದ್ದಿರಲಿಲ್ಲ. ಅವರ ಆಸ್ತಿ ಎಂದರೆ ಅದು, ಮತ್ತು ಈ ಒಬ್ಬಳೇ ಮಗಳು.

ಮಗಳು ನಾಲ್ಕು ವರ್ಷದವಳಿದ್ದಾಗ ಹೊಸ್ತಿಲ ಮೇಲೆ ಕೂತು, ಊಟದ ತಟ್ಟೆಯನ್ನು ಸ್ಟೇರಿಂಗು ಮಾಡಿ ತಿರುಗಿಸುತ್ತ ಬಾಯಲ್ಲೇ ಬಸ್ಸು ಓಡಿಸುತ್ತಿದ್ದಳು. ಅಪ್ಪ ಬಂದು ಬಾಗಿಲ ಚೌಕಟ್ಟಿಗೆ ಎರಡು ಏಟು ಬಡಿಯದೆ ಅವಳ ಬಸ್ಸು ಹೊರಡುತ್ತಿರಲಿಲ್ಲ. ಶಾಲೆಗೆ ಹೋಗುವಾಗಲೂ ಅಷ್ಟೆ, ಮದುವೆಯಾಗಿ ಹೊರಟಾಗಲೂ ಅಷ್ಟೆ. ಲಿಫ್ಟು ರಿಪೇರಿಯ ಕೆಲಸದ ಮೇಲೆ ಗಂಡ ಈ ದೇಶಕ್ಕೆ ಕರೆತಂದ ಮೇಲೆ, ಅವಳು ಮೂರು ವರ್ಷ ಒಂದು ಬಟ್ಟೆ ಅಂಗಡಿಯಲ್ಲಿ ಮಡಿಕೆ ಹಾಕುತ್ತ ನಿಂತಳು. ಸಂಜೆ ಹೊತ್ತು ದೊಡ್ಡ ಗಾಡಿ ಕಲಿತಳು. ಈಗ ಊರಿನ ಬಸ್ಸಿನ ಡ್ರೈವರು. ಆದರೆ ಖಾಯಂ ಅಲ್ಲ. ಆರು ತಿಂಗಳು ನೋಡುತ್ತಾರೆ. ಕೊನೆಗೆ ಡಿಪೋದ ಮುಖ್ಯಸ್ಥೆ ಸೈ ಎಂದರೆ ಕೆಲಸ, ಇಲ್ಲವಾದರೆ ಮತ್ತೆ ಬಟ್ಟೆ ಅಂಗಡಿ. ಆ ಆರನೆಯ ತಿಂಗಳಿಗೇ ಸರಿಯಾಗಿ ಅಪ್ಪ ಅಮ್ಮ ಆರು ವಾರಕ್ಕೆಂದು ಬಂದಿಳಿದಿದ್ದರು.

ಫ್ರಿಜ್ಜಿನ ಬಾಗಿಲಿಗೆ ಮಗಳು ಒಂದು ಪಟ್ಟಿ ಅಂಟಿಸಿದ್ದಳು. ನೋಡಬೇಕಾದ ಜಾಗಗಳು ಹನ್ನೆರಡು. ರಜೆಯ ದಿನಗಳನ್ನೆಲ್ಲ ಅದಕ್ಕೇ ತೆಗೆದಿಟ್ಟು, ಜೊತೆಯವರ ಹತ್ತಿರ ಪಾಳಿ ಅದಲುಬದಲು ಮಾಡಿಕೊಂಡು, ಒಂದೊಂದಾಗಿ ತೋರಿಸಿದಳು. ಮೀನು ಸಾಕಿದ ಗಾಜಿನ ಮನೆಯಲ್ಲಿ ಕಂಡಕ್ಟರು, "ಇಲ್ಲಿ ಮೀನು ನೋಡೋಕೂ ಟಿಕೆಟ್ಟಾ? ಹಾಗಾದ್ರೆ ಮೀನಿನ ಪಾಲೆಷ್ಟು?" ಎಂದರು. ವಸ್ತು ಸಂಗ್ರಹಾಲಯದಲ್ಲಿ ಕಿಟಕಿ ಪಕ್ಕದ ಬೆಂಚು ಹಿಡಿದು ಕೂತವರು, ಹೊರಗೆ ಬಂದು ಹೋಗುವ ಬಸ್ಸುಗಳನ್ನು ನೋಡುತ್ತ ಎರಡು ಗಂಟೆ ಕಳೆದರು. ದೋಣಿಯಲ್ಲಿ ನಿದ್ದೆ ಹೋದರು.

ಎರಡನೆಯ ವಾರದ ಕೊನೆಗೆ, ರಾತ್ರಿಯ ಊಟಕ್ಕೆ ನಾಲ್ವರೂ ಕೂತಿದ್ದಾಗ ಮಗಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ನಿಂಗೆ ಏನೂ ಇಷ್ಟ ಆಗ್ತಿಲ್ಲ ಅಲ್ವಾ?"

"ಎಲ್ಲಾ ಚೆನ್ನಾಗಿದೆ ಕಣಮ್ಮಾ."

"ಸುಳ್ಳು. ಉಪ್ಪಿಲ್ಲದ ಸೊಪ್ಪಿನ ಸಾರನ್ನ ಚೆನ್ನಾಗಿದೆ ಅನ್ನೋ ಥರ ಹೇಳ್ತೀಯ. ನಾನು ಕಾಲು ಹಿಡ್ದು ಕೈ ಹಿಡ್ದು ರಜೆ ತಗೊಂಡಿದೀನಿ. ಏನು ನೋಡ್ಬೇಕು ಹೇಳಿಬಿಡು, ಅದನ್ನೇ ತೋರಿಸ್ತೀನಿ."

ಕಂಡಕ್ಟರು ಮೊಸರನ್ನ ಕಲಸುವುದನ್ನು ನಿಲ್ಲಿಸಿದರು. "ನಿನ್ನ ಬಸ್ಸು ತೋರಿಸು."

"ನನ್ನ ಬಸ್ಸಲ್ಲಿ ನೋಡೋಕೇನಿದೆ?"

"ನೀನಿದೀಯ."

ಅಳಿಯ ಬಗ್ಗಿ ನೀರು ಕುಡಿದ. ಅಮ್ಮ ಎಲ್ಲರ ತಟ್ಟೆಗೂ ಇನ್ನೊಂದು ಸೌಟು ಅನ್ನ ಬಡಿಸಿದರು. ಮರುದಿನ ಬೆಳಗ್ಗೆ ಪಟ್ಟಿ ಫ್ರಿಜ್ಜಿನ ಮೇಲಿಂದ ಇಳಿಯಿತು.

ಹೀಗೆ ಮೂರನೆಯ ವಾರದಿಂದ ಕಂಡಕ್ಟರು ಬಸ್ಸು ಹತ್ತಿದರು. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತಲೆ ಬಾಚಿ, ಡ್ರೈವರ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ದಿನಕ್ಕೆ ಎರಡು ಮೂರು ಟ್ರಿಪ್ಪು. ಬಸ್ಸು ಓಡುವಾಗ ಡ್ರೈವರನ್ನು ಮಾತನಾಡಿಸಬಾರದೆಂದು ಹಲಗೆಯಲ್ಲಿ ಬರೆದಿತ್ತು. ಹೀಗಾಗಿ ಮಾತೆಲ್ಲ ಕೊನೆಯ ಸ್ಟಾಪಿನಲ್ಲಿ.

"ಕಂಡಕ್ಟರ್ ಎಲ್ಲಿ?" ಮೊದಲ ದಿನವೇ ಕೇಳಿದ್ದರು.

"ಇಲ್ಲಿ ಕಂಡಕ್ಟರ್ ಇಲ್ಲಪ್ಪಾ. ಕಾರ್ಡು ಮುಟ್ಟಿಸ್ತಾರೆ, ಮೆಷಿನ್ನು ಕುಂಯ್ ಅನ್ನುತ್ತೆ, ಅಷ್ಟೆ."

"ಟಿಕೆಟ್ಟು ಬಿಡು. ರೈಟ್ ಕೊಡೋರು ಯಾರು?"

"ನಾನೇ."

"ಓಡ್ಸೋಳೂ ನೀನೇ, ರೈಟ್ ಕೊಡೋಳೂ ನೀನೇ?"

"ಹೂಂ."

ಆ ಸಂಜೆ ಸೊಪ್ಪು ಬಿಡಿಸುತ್ತ ಕೂತ ಹೆಂಡತಿಯ ಎದುರು ಕಂಡಕ್ಟರು ನಿಟ್ಟುಸಿರಿಟ್ಟರು. "ಕಂಡಕ್ಟರಿಲ್ಲದ ಬಸ್ಸು ಕಣೇ. ಪೂಜಾರಿ ಇಲ್ಲದ ಗುಡಿ ಇದ್ದಂಗೆ."

"ಪೂಜಾರಿ ಇಲ್ದಿದ್ರೂ ಒಳಗೆ ದೇವರು ಇರ್ತಾನಲ್ಲ. ಆ ಬುಟ್ಟಿ ಈ ಕಡೆ ತಳ್ಳಿ" ಎಂದರು ಅವರು.

ಆದರೂ ಕಂಡಕ್ಟರಿಗೆ ಅದಕ್ಕಿಂತ ಸುಖದ ದಿನಗಳು ಕೆಲಸ ಬಿಟ್ಟ ಮೇಲೆ ಬಂದಿರಲಿಲ್ಲ. ಆ ದಾರಿಯ ಹತ್ತೊಂಬತ್ತು ಸ್ಟಾಪುಗಳನ್ನೂ ನಾಲ್ಕೇ ದಿನದಲ್ಲಿ ಬಾಯಿಪಾಠ ಮಾಡಿದರು. ಹೆಸರು ಬಾಯಿಗೆ ಬಾರದ ಕಡೆ ತಾವೇ ಹೆಸರಿಟ್ಟರು: ಕೆರೆ ಏರಿ, ಮುರುಕು ಗಡಿಯಾರ, ಮೀನಿನ ಮನೆ, ನಾಯಿಗಳ ಪಾರ್ಕು, ಆಸ್ಪತ್ರೆ, ಗೋಪುರ. ಬೆಳಗ್ಗೆ ಮಗಳು ಬೂಟು ಕಟ್ಟಿ ಬಾಗಿಲಿಗೆ ಬಂದರೆ ಚೌಕಟ್ಟಿಗೆ ಎರಡು ಏಟು ಬಡಿಯುವರು. ಅವಳು ನಕ್ಕು, ಬಾಯಲ್ಲೇ ಗೇರು ಹಾಕಿ ಮೆಟ್ಟಿಲಿಳಿಯುವಳು. ಮೂವತ್ತೈದು ದಾಟಿದ ಹೆಂಗಸು!

ನಾಲ್ಕನೆಯ ವಾರದ ಒಂದು ಮಧ್ಯಾಹ್ನ, ಶಾಲೆ ಬಿಟ್ಟ ಹೊತ್ತು. ಬಸ್ಸು ತುಂಬಿತ್ತು. ಒಬ್ಬ ಬಸುರಿ ಹತ್ತಿದಳೆಂದು ಕಂಡಕ್ಟರು ತಮ್ಮ ಸೀಟು ಬಿಟ್ಟುಕೊಟ್ಟು ಬಾಗಿಲ ಪಕ್ಕದ ಕಂಬಿ ಹಿಡಿದು ನಿಂತರು. ಈ ದೇಶದ ಬಸ್ಸಿನಲ್ಲಿ ಅವರು ತಮ್ಮ ಜಾಗದಲ್ಲಿ ನಿಂತದ್ದು ಅದೇ ಮೊದಲು.

ಆಸ್ಪತ್ರೆಯ ಸ್ಟಾಪು ಬಂತು. ಕೊನೆಗೆ ಹತ್ತಿದವಳು ಒಬ್ಬ ಮುದುಕಿ, ಕೈಯಲ್ಲಿ ಗಾಲಿ ಇರುವ ತರಕಾರಿ ಚೀಲ. ಒಂದು ಪಾದ ಮೇಲೆ ಬಂತು, ಎರಡನೆಯದೂ ಬಂತು, ಬಾಗಿಲು ಮುಚ್ಚಿತು. ಫುಟ್‌ಬೋರ್ಡ್ ಖಾಲಿ. ಕಂಡಕ್ಟರ ಅಂಗೈ ಅವರನ್ನು ಕೇಳಲಿಲ್ಲ. ತಾನೇ ಎದ್ದು ಬಸ್ಸಿನ ಮೈಗೆ ಎರಡು ಏಟು ಬಡಿಯಿತು. ಮಗಳ ಬಲಗಾಲೂ ಅವಳನ್ನು ಕೇಳಲಿಲ್ಲ. ಬಸ್ಸು ಹೊರಟಿತು.

ಮುದುಕಿ ಇನ್ನೂ ಸೀಟಿಗೆ ಮೂರು ಹೆಜ್ಜೆ ದೂರದಲ್ಲಿದ್ದಳು. ಬಿದ್ದಳು. ಚೀಲದ ಆಲೂಗೆಡ್ಡೆಗಳು ಕೊನೆಯ ಸೀಟಿನವರೆಗೂ ಉರುಳಿದವು.

ಮುದುಕಿಗೆ ಮಣಿಕಟ್ಟು ಉಳುಕಿತ್ತು, ಅಷ್ಟೆ. ಆಸ್ಪತ್ರೆಯ ಎದುರೇ ಬಿದ್ದಿದ್ದರಿಂದ ಪಟ್ಟಿ ಕಟ್ಟಿಸಿದ್ದೂ ಆಯಿತು. ಅವಳೇ ಮಗಳ ಕೆನ್ನೆ ತಟ್ಟಿ ಏನೋ ಸಮಾಧಾನ ಹೇಳಿ ಹೋದಳು. ಕಂಡಕ್ಟರು ಮಂಡಿಯೂರಿ ಆಲೂಗೆಡ್ಡೆ ಆರಿಸುತ್ತಿದ್ದರು. ಒಂದೊಂದನ್ನೂ ಅಂಗಿಯಲ್ಲಿ ಒರೆಸಿ ಚೀಲಕ್ಕೆ ಹಾಕಿದರು.

ಮನೆಗೆ ಬಂದು ಕೈಕಾಲು ತೊಳೆಯುವ ಮುಂಚೆಯೇ ಶುರುವಾಯಿತು.

"ಬಡಿದದ್ದು ನಾನು" ಎಂದರು ಕಂಡಕ್ಟರು.

"ಓಡಿಸಿದ್ದು ನಾನು" ಎಂದಳು ಮಗಳು.

"ನಾನು ರೈಟ್ ಕೊಟ್ಟೆ, ನೀನು ಎತ್ತಿದೆ. ಡ್ರೈವರ್ ತಪ್ಪು ಎಲ್ಲಿಂದ ಬಂತು? ಬಾಗಿಲು ಕಂಡಕ್ಟರದ್ದು."

"ಇಲ್ಲಿ ವಯಸ್ಸಾದವರು ಕೂತ ಮೇಲೇ ಹೊರಡ್ಬೇಕು. ಒಳಗಿನ ಕನ್ನಡಿ ನೋಡ್ಬೇಕು. ನಾನು ನೋಡ್ಲಿಲ್ಲ."

"ನೀನು ಯಾಕೆ ನೋಡ್ಬೇಕಿತ್ತು? ನಾನಿದ್ದೆನಲ್ಲ!"

"ಅಪ್ಪಾ, ಇಲ್ಲಿ ಕಂಡಕ್ಟರೇ ಇಲ್ಲ!"

ಅಡುಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿತು. ಯಾರೂ ಅಲುಗಲಿಲ್ಲ. ಅಳಿಯ ಮೆಲ್ಲಗೆ, "ಲಿಫ್ಟಲ್ಲಿ ಈ ತೊಂದ್ರೆ ಇಲ್ಲ ನೋಡಿ ಮಾವ, ಯಾರು ಎಷ್ಟು ಬಡಿದ್ರೂ..." ಎಂದು ಶುರು ಮಾಡಿದ. ಮಗಳು ನೋಡಿದ ನೋಟಕ್ಕೆ ಎದ್ದು ಹೋಗಿ ಒಲೆ ಆರಿಸಿದ.

ಮಗಳು ಮೇಜಿಗೆ ಕೂತು ಡಿಪೋಗೆ ಕೊಡಬೇಕಾದ ವರದಿ ಬರೆದಳು. ಬರೆದು ಮುಗಿಯುವ ತನಕ ಕಂಡಕ್ಟರು ಕುರ್ಚಿಯ ಹಿಂದೆ ನಿಂತೇ ಇದ್ದರು.

"ಏನು ಬರೆದೆ?"

"ಒಳಗಿನ ಕನ್ನಡಿ ನೋಡದೆ ಹೊರಡಿಸಿದೆ ಅಂತ."

"ನಾನು ಬಡಿದದ್ದು?"

"ಅದು ಬೇಕಿಲ್ಲ."

"ಅಂದ್ರೆ ನಾನು ಬಸ್ಸಲ್ಲಿ ಇರ್ಲೇ ಇಲ್ವಾ?"

ಮಗಳು ಕಾಗದ ಮಡಿಚಿದಳು. ಮರುದಿನ ಬೆಳಗ್ಗೆ ಅವಳು ಬೂಟು ಕಟ್ಟಿ ಬಾಗಿಲಿಗೆ ಬಂದಾಗ ಕಂಡಕ್ಟರು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಚುತ್ತಿದ್ದರು. ಬಾಗಿಲಿಗೆ ಬರಲಿಲ್ಲ. ಅವಳು ಒಂದು ಗಳಿಗೆ ನಿಂತು, ಬಾಗಿಲು ಎಳೆದುಕೊಂಡು ಹೋದಳು.

ಗುರುವಾರ ಡಿಪೋದಲ್ಲಿ ವಿಚಾರಣೆ ಎಂದು ಗೊತ್ತಾಯಿತು. ನಡುವಿನ ಐದು ದಿನ ಮನೆ ಮನೆಯಂತಿರಲಿಲ್ಲ. ಕಂಡಕ್ಟರು ಒಂದು ತುತ್ತು ತಿನ್ನುವ ಕಡೆ ಅರ್ಧ ತುತ್ತು ತಿಂದರು. ಬಸ್ಸು ಹತ್ತಲಿಲ್ಲ. ಕೆಳಗೆ ಬೀದಿಯಲ್ಲಿ ಬಸ್ಸು ಹೋದ ಸದ್ದಾದರೆ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಳ್ಳುತ್ತಿದ್ದರು. "ಮೊದಲು ಸಿಗೋ ವಿಮಾನ ಹತ್ತಿ ಹೋಗಿಬಿಡೋಣ ಕಣೇ" ಎಂದಾಗ ಹೆಂಡತಿ ಪಾತ್ರೆ ತೊಳೆಯುತ್ತಿದ್ದವರು ತಿರುಗಿದರು.

"ಮಗಳ ಮನೆಗೆ ಬೆಂಕಿ ಇಟ್ಟು, ನೀರಿನ ಕೊಡ ಹೊತ್ಕೊಂಡು ಓಡೋಗ್ತೀರಾ? ಗಂಡಸಾದ್ರೆ ಹೋಗಿ ಆರಿಸಿ."

ಆ ಮಾತು ನಾಟಿತು. ಬುಧವಾರ ಸಂಜೆ ಅಳಿಯ ಹಲ್ಲಿಗೆ ಕಡ್ಡಿ ಹಾಕುತ್ತ ಕೂತಿದ್ದಾಗ ಕಂಡಕ್ಟರು ಅವನ ಪಕ್ಕ ಬಂದು ಕೂತರು.

"ಅಳಿಯಂದಿರೇ, ನಾಳೆ ನಿಮ್ಮ ನಾಲಿಗೆ ಒಂದು ಗಂಟೆ ಸಾಲ ಬೇಕಿತ್ತು."

ಅಳಿಯನಿಗೆ ತಕ್ಷಣ ಅರ್ಥವಾಯಿತು. "ಮಾವ, ಬೇಡಿ. ಅವಳಿಗೆ ಗೊತ್ತಾದ್ರೆ ನನ್ನನ್ನ ಲಿಫ್ಟಿನ ಗುಂಡಿಗೆ ಇಳಿಸಿ ಮೇಲಿಂದ ಮುಚ್ತಾಳೆ."

"ನಿಮ್ಮ ಜೊತೆ ನಾನೂ ಇಳೀತೀನಿ. ಮಾತಾಡ್ಕೊಂಡಿರೋಣ."

ಡಿಪೋದ ಮುಖ್ಯಸ್ಥೆ ನರೆಗೂದಲ ಹೆಂಗಸು. ಅಂಗೈಯಲ್ಲಿ ಜಡ್ಡು. ಸ್ಟೇರಿಂಗು ಹಿಡಿದು ಮೇಲೆ ಬಂದ ಕೈ ಎಂದು ಕಂಡಕ್ಟರು ನೋಡಿದ ಕೂಡಲೆ ಗುರುತಿಸಿದರು. ಮಗಳು ಅವಳೆದುರು ಕುರ್ಚಿಯಲ್ಲಿ ಕೂತಿದ್ದಳು. ಅಪ್ಪ, ಹಿಂದೆ ಗಂಡ, ಇಬ್ಬರೂ ಬಾಗಿಲಲ್ಲಿ ಕಂಡಾಗ ಅವಳು ಕೂತಲ್ಲೇ ಗಕ್ಕನೆ ಹಿಂದಕ್ಕೆ ತಿರುಗಿದಳು.

"ಅಪ್ಪಾ, ನೀನ್ಯಾಕೆ ಬಂದೆ?"

"ಸಾಕ್ಷಿ ಹೇಳೋಕೆ" ಎಂದರು ಕಂಡಕ್ಟರು. ನಿಂತುಕೊಂಡೇ, ಕೈಕಟ್ಟಿ, ಒಂದೂ ಬಿಡದೆ ಹೇಳಿದರು: ತಮ್ಮ ಕೆಲಸ, ಎರಡು ಏಟಿನ ಅರ್ಥ, ಊಟದ ತಟ್ಟೆಯ ಸ್ಟೇರಿಂಗು, ಆ ಮಧ್ಯಾಹ್ನ. ಅಳಿಯ ಹಣೆ ಒರೆಸಿಕೊಳ್ಳುತ್ತ ಆ ದೇಶದ ಭಾಷೆಗೆ ತಿರುಗಿಸಿದ.

ಮುಖ್ಯಸ್ಥೆ ಕೇಳಿಸಿಕೊಂಡು, ಹೇಗೆ ಬಡಿದಿರಿ ತೋರಿಸಿ ಎಂಬಂತೆ ಮೇಜಿನ ಕಡೆ ಕೈ ಚಾಚಿದಳು. ಕಂಡಕ್ಟರು ಮೇಜಿಗೆ ಎರಡು ಏಟು ಬಡಿದರು. ಧಪ್, ಧಪ್.

ಕುರ್ಚಿಯಲ್ಲಿ ಕೂತಿದ್ದ ಮಗಳ ಬಲಗಾಲು ನೆಲವನ್ನು ಒತ್ತಿತು.

ನಾಲ್ವರೂ ಆ ಕಾಲನ್ನು ನೋಡಿದರು. ಮಗಳೂ ನೋಡಿಕೊಂಡಳು. ಬೇರೆ ಯಾರದೋ ಕಾಲು ತನ್ನ ಬೂಟಿನೊಳಗೆ ಬಂದು ಕೂತಂತೆ.

ಮುಖ್ಯಸ್ಥೆ ಮಗಳ ವರದಿಯನ್ನು ಬದಿಗೆ ಸರಿಸಿ ಮಾತನಾಡಿದಳು. ಅಳಿಯ ತಗ್ಗಿದ ದನಿಯಲ್ಲಿ ಹೇಳಿದ: "ಕನ್ನಡಿ ಮರೆತಿದ್ದಾಳೆ ಅಂತ ಇದ್ದಿದ್ರೆ ಒಂದು ಎಚ್ಚರಿಕೆ ಕೊಟ್ಟು ಬಿಡ್ತಿದ್ರಂತೆ. ಆದ್ರೆ ಇದು ಮರೆವಲ್ಲ, ಅಭ್ಯಾಸ ಅಂತಾರೆ. ಬೇರೆಯವರ ಕೈಗೆ ಓಗೊಡೋ ಕಾಲನ್ನ ನಂಬಿ ಬಸ್ಸು ಕೊಡೋಕಾಗಲ್ಲ ಅಂತ. ಮುಂದಿನ ಮಂಗಳವಾರ ಒಂದು ಪರೀಕ್ಷೆ ಇಡ್ತಾರಂತೆ."

"ಎಂಥ ಪರೀಕ್ಷೆ?"

ಅಳಿಯ ಮಾವನ ಕಡೆ ತಿರುಗಿದ. "ಅದೇ ದಾರಿ, ಖಾಲಿ ಬಸ್ಸು. ಡಿಪೋದವರೇ ಎಂಟು ಜನ ಪ್ರಯಾಣಿಕರು. ಬಾಗಿಲ ಹತ್ರ ನೀವು ನಿಲ್ಬೇಕು ಮಾವ. ಹತ್ತೊಂಬತ್ತು ಸ್ಟಾಪಲ್ಲಿ ಯಾವುದಾದ್ರೂ ಒಂದರಲ್ಲಿ, ಜನ ಇನ್ನೂ ಕೂರದೆ ಇರುವಾಗ ನೀವು ರೈಟ್ ಕೊಡ್ಬೇಕು. ಯಾವಾಗ ಅನ್ನೋದು ನಿಮಗೆ ಬಿಟ್ಟದ್ದು. ಬಸ್ಸು ಕದಲಿದ್ರೆ ಕೆಲಸ ಹೋಯ್ತು. ಕದಲದಿದ್ರೆ ಖಾಯಂ."

ಮನೆಗೆ ಬರುವ ದಾರಿಯುದ್ದಕ್ಕೂ ಮಗಳು ಇಬ್ಬರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬಾಗಿಲು ತೆಗೆದು ಒಳಗೆ ಬಂದು ಚೀಲ ಎಸೆದಳು.

"ಎಚ್ಚರಿಕೆ ಕೊಟ್ಟು ಬಿಡ್ತಿದ್ರಂತೆ, ಕೇಳಿಸ್ತಾ? ಬಿಡ್ತಿದ್ರಂತೆ! ನಿಂಗೆ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ಲ ಅಲ್ವಾ ಅಪ್ಪಾ?"

ಕಂಡಕ್ಟರು ತಲೆ ತಗ್ಗಿಸಿದರು. ಉತ್ತರ ಕೊಟ್ಟದ್ದು ಅಮ್ಮ, ಲಟ್ಟಣಿಗೆ ಕೈಯಲ್ಲೇ ಹಿಡಿದು.

"ಒಳ್ಳೇದೇ ಆಯ್ತು."

"ಅಮ್ಮಾ!"

"ಏನು ಅಮ್ಮಾ? ಅವರು ಬಾಯಿ ಮುಚ್ಕೊಂಡಿದ್ರು ಅಂತಾನೇ ಇಟ್ಕೋ. ನಾವು ವಿಮಾನ ಹತ್ತಿ ಹೋದ್ವಿ. ನಾಳೆ ಯಾವನೋ ಒಬ್ಬ ಸುಮ್ನೆ ಕಿಟಕಿ ಮೇಲೆ ಎರಡು ಸಲ ತಟ್ಟಿದ ಅನ್ನು. ನಿನ್ನ ಕಾಲು ಏನು ಮಾಡ್ತಿತ್ತು? ಆವತ್ತು ಬಿದ್ದೋಳಿಗೆ ಮಣಿಕಟ್ಟೇ ಉಳುಕುತ್ತೆ ಅಂತ ಬರ್ಕೊಟ್ಟಿದಾರಾ?"

ಮಗಳು ಕುರ್ಚಿ ಎಳೆದು ಕೂತಳು. ತನ್ನ ಬಲಗಾಲ ಬೂಟನ್ನು ಕಳಚಿ, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ, ಅಮ್ಮ ಲಟ್ಟಿಸಿದ ರೊಟ್ಟಿಗಳನ್ನು ಬೇಯಿಸತೊಡಗಿದಳು.

ಕಂಡಕ್ಟರ ತೊಡಕು ಬೇರೆಯದಾಗಿತ್ತು. ಅದು ಹೊರಬಿದ್ದದ್ದು ಭಾನುವಾರ, ಗಂಡ ಹೆಂಡತಿ ಇಬ್ಬರೇ ಮನೆಯಲ್ಲಿ ಕೂತು ಪೆಟ್ಟಿಗೆ ತುಂಬುತ್ತಿದ್ದಾಗ. ಪರೀಕ್ಷೆಯಾದ ಮೂರನೆಯ ದಿನಕ್ಕೆ ಅವರ ವಿಮಾನ.

"ನನ್ನಿಂದಾಗಲ್ಲ ಕಣೇ."

"ಏನು ಆಗಲ್ಲ?"

"ಸುಳ್ಳು ರೈಟ್ ಕೊಡೋದು. ರೈಟ್ ಅಂದ್ರೆ ಮಾತು ಕೊಟ್ಟಂಗೆ. ಹಿಂದೆ ಎಲ್ಲಾ ಸರಿ ಇದೆ, ನನ್ನನ್ನ ನಂಬಿ ನೀನು ಮುಂದೆ ನೋಡು ಅಂತ ಅದರರ್ಥ. ಜನ ನಿಂತಿರುವಾಗ ಅದನ್ನ ಹೇಗೆ ಕೊಡ್ಲಿ? ಅದೂ ಇವಳಿಗೆ?"

ಹೆಂಡತಿ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯಲ್ಲಿಟ್ಟರು. "ಮಡಕೆ ಕೊಳ್ಳುವಾಗ ಬಡಿದು ನೋಡಲ್ವಾ?"

"ನೋಡ್ತೀವಿ."

"ಒಡೀಲಿ ಅಂತ ಬಡೀತೀವಾ?"

ಕಂಡಕ್ಟರು ತಮ್ಮ ಅಂಗೈ ನೋಡಿಕೊಂಡರು.

"ಬಡಿಯೋದಾದ್ರೆ ಸರಿಯಾಗಿ ಬಡೀರಿ. ಪಾಪ ಮಗಳು ಅಂತ ಮೆತ್ತಗೆ ತಟ್ಟಿ ಮೋಸ ಮಾಡ್ಬೇಡಿ. ಮಡಕೆಗೆ ಮಾಡಿದ ಮೋಸ ಒಲೆ ಮೇಲಿಟ್ಟಾಗ ಗೊತ್ತಾಗುತ್ತೆ" ಎಂದು ಅವರು ಪೆಟ್ಟಿಗೆಯ ಮುಚ್ಚಳ ಹಾಕಿದರು.

ಮಂಗಳವಾರ ಡಿಪೋದ ಅಂಗಳದಲ್ಲಿ ಇನ್ನೊಂದು ಗೊಂದಲವಾಯಿತು. ಪ್ರಯಾಣಿಕರಾಗಿ ಬಂದ ಎಂಟು ಜನರೂ ಗಟ್ಟಿಮುಟ್ಟಾದವರು. ವಯಸ್ಸಾದವರು ಒಬ್ಬರಾದರೂ ಬೇಕಿತ್ತಲ್ಲ ಎಂದು ಮುಖ್ಯಸ್ಥೆ ಸುತ್ತ ನೋಡಿದಳು. ನೋಡಲೆಂದು ಬಂದಿದ್ದ ಅಮ್ಮ ಅಳಿಯನಿಂದ ವಿಷಯ ತಿಳಿದು ಮುಂದೆ ಬಂದರು.

"ವಯಸ್ಸಾದವಳು ಇಲ್ಲೇ ಇದೀನಲ್ಲ, ಇನ್ನೆಲ್ಲಿಂದ ತರ್ತಾರೆ?"

"ಅಮ್ಮಾ, ಬೇಡ. ನೀನು ಬಿದ್ರೆ?" ಎಂದಳು ಮಗಳು.

"ನೀನು ಓಡಿಸ್ತಿರೋದಲ್ವಾ? ನಾನ್ಯಾಕೆ ಬೀಳ್ಲಿ?" ಎಂದವರೇ ಮಗಳ ಮನೆಯ ತರಕಾರಿ ಚೀಲ ಕೈಗೆ ತಗಲಿಸಿಕೊಂಡು ಬಸ್ಸಿನ ಕಡೆ ನಡೆದರು.

ಬಸ್ಸು ಹೊರಟಿತು. ಕಂಡಕ್ಟರು ಬಾಗಿಲ ಪಕ್ಕ ಕಂಬಿ ಹಿಡಿದು ನಿಂತರು. ಮುಖ್ಯಸ್ಥೆ ಕಾಗದ ಹಿಡಿದು ಎದುರಿನ ಸೀಟಿನಲ್ಲಿ; ಅಳಿಯ ಅವಳ ಪಕ್ಕದಲ್ಲಿ. ಪ್ರತಿ ಸ್ಟಾಪಿನಲ್ಲೂ ಎಂಟು ಜನ ಇಳಿದು ಮತ್ತೆ ಹತ್ತಬೇಕು, ಎಲ್ಲರ ಕೊನೆಗೆ ಅಮ್ಮ. ಮೂರನೆಯ ಸ್ಟಾಪಿಗೇ ಅವರು, "ಇದೇನು ಹಬ್ಬದ ದಿನ ಸೊಸೆ ಒಳಗೂ ಹೊರಗೂ ಓಡಾಡಿದಂಗಾಯ್ತಲ್ಲ" ಎಂದು ಗೊಣಗಿದರು.

ಮೂರನೆಯ ಸ್ಟಾಪಿನಲ್ಲೇ ಬಡಿದುಬಿಟ್ಟರೆ? ಮಗಳ ಬೆನ್ನು ಬಿಲ್ಲಿನ ಹೆದೆಯಂತೆ ಬಿಗಿದಿತ್ತು, ಕಿವಿ ಹಿಂದಕ್ಕೇ ನೆಟ್ಟಿತ್ತು. ಈಗ ಬಡಿದರೆ ಖಂಡಿತ ಕದಲಿಸಳು. ಕಂಡಕ್ಟರ ಕೈ ಎದ್ದಿತು. ಮಡಕೆಯ ಮಾತು ನೆನಪಾಯಿತು. ಕೈ ಇಳಿಯಿತು.

ಕೆರೆ ಏರಿ ಹೋಯಿತು. ಮುರುಕು ಗಡಿಯಾರ ಹೋಯಿತು. ಮೀನಿನ ಮನೆಯ ಮುಂದೆ ಶಾಲೆಯ ಮಕ್ಕಳ ಸಾಲು. ದೋಣಿಯಲ್ಲಿ ನಿದ್ದೆ ಹೋಗಿ ದಾಟಿದ್ದ ಆ ನೀರು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಎರಡು ವಾರ ಕಾಲ್ನಡೆಯಲ್ಲಿ ಸುತ್ತಿಸಿದರೂ ಕಣ್ಣಿಗೆ ಹತ್ತದ ಊರು, ಈಗ ಒಂದೊಂದೇ ಸ್ಟಾಪಾಗಿ ಬಂದು ಎದುರು ನಿಂತು ಹೋಗುತ್ತಿತ್ತು. ಪ್ರತಿ ಸಲವೂ ಮಗಳು ಹೊರಗಿನ ಕನ್ನಡಿ ನೋಡುವಳು, ಒಳಗಿನ ಕನ್ನಡಿ ನೋಡುವಳು, ಅಮ್ಮ ಕೂರುವ ತನಕ ಕಾಯುವಳು. ನಾನು ನೋಡುತ್ತಿದ್ದುದು ಬರೀ ಪಾದ, ಇವಳು ಪೂರ್ತಿ ಮನುಷ್ಯರನ್ನು ನೋಡುತ್ತಾಳೆ ಎಂದುಕೊಂಡರು ಕಂಡಕ್ಟರು. ಹಾಗೆ ಅಂದುಕೊಂಡದ್ದಕ್ಕೆ ಅವರಿಗೆ ನೋವಾಗಲಿಲ್ಲ.

ಹದಿನೈದು ಸ್ಟಾಪು ಕಳೆದವು. ಹತ್ತಿ ಇಳಿದು ಎಂಟು ಜನರಿಗೂ ಬೇಸರವಾಗಿತ್ತು. ಮಗಳ ಭುಜ ಸ್ವಲ್ಪ ಸಡಿಲವಾಗಿತ್ತು.

ಹದಿನಾರನೆಯದು ಆಸ್ಪತ್ರೆ. ಹಿಂದೆ ಒಂದು ಲಾರಿ ಬಂದು ನಿಂತು ಹಾರ್ನು ಹೊಡೆಯತೊಡಗಿತು. ಎಂಟು ಜನ ಹತ್ತಿ ಕೂತರು. ಅಮ್ಮ ಹತ್ತಿದರು. ಒಂದು ಪಾದ, ಎರಡನೆಯ ಪಾದ, ಬಾಗಿಲು ಮುಚ್ಚಿತು. ಅಮ್ಮ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ನಿಂತು ಸೆರಗು ಸರಿಮಾಡಿಕೊಂಡರು. ಲಾರಿ ಮತ್ತೆ ಅರಚಿತು. ಮಗಳ ಉಸಿರು ಹೊರಡುವ ಉಸಿರಾದದ್ದು ಕಂಡಕ್ಟರಿಗೆ ಅವಳ ಬೆನ್ನು ನೋಡಿಯೇ ತಿಳಿಯಿತು. ಇದೇ ಆ ಗಳಿಗೆ. ಇದನ್ನು ಬಿಟ್ಟು ಬೇರೆ ಯಾವಾಗ ಬಡಿದರೂ ಅದು ಆಟ.

ಅವರು ಕಂಬಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ದೇವರೇ, ನನ್ನ ಕೈ ಸುಳ್ಳಾಗಲಿ, ಅವಳ ಕಣ್ಣು ನಿಜವಾಗಲಿ ಎಂದರು. ಮೂವತ್ನಾಲ್ಕು ವರ್ಷ ಹೇಗೆ ಬಡಿದಿದ್ದರೋ ಹಾಗೆಯೇ, ಒಂದು ಕೂದಲಿನಷ್ಟೂ ಕಡಿಮೆ ಮಾಡದೆ ಬಡಿದರು.

ಧಪ್. ಧಪ್.

ಬಸ್ಸಿನ ಮೈ ಒಮ್ಮೆ ನಡುಗಿತು. ಅಷ್ಟೆ. ಗಾಲಿ ಉರುಳಲಿಲ್ಲ.

"ಹೋಲ್ಡಾನ್!"

ಕೂಗಿದ್ದು ಮಗಳು. ಅಪ್ಪನ ಗಂಟಲನ್ನೇ ಇಸಿದುಕೊಂಡಂತೆ, ಇಡೀ ಬಸ್ಸಿಗೆ ಕೇಳುವ ಹಾಗೆ. ಅವಳ ಕಣ್ಣು ಒಳಗಿನ ಕನ್ನಡಿಯಲ್ಲಿ ಇಬ್ಬರನ್ನೂ ಹಿಡಿದಿತ್ತು.

"ಹೋಲ್ಡಾನ್ ಅಪ್ಪಾ! ಅಮ್ಮ ಇನ್ನೂ ಕೂತಿಲ್ಲ. ಕಣ್ಣು ಕಾಣಲ್ವಾ ಕಂಡಕ್ಟರ್ರೇ?"

ಮೂವತ್ನಾಲ್ಕು ವರ್ಷದಲ್ಲಿ ಅವರು ರೈಟ್ ಕೊಟ್ಟೂ ಬಸ್ಸು ನಿಂತೇ ಇದ್ದದ್ದು ಅದೇ ಮೊದಲು. ಕಂಡಕ್ಟರ ಅಂಗೈ ಚುರುಗುಟ್ಟುತ್ತಿತ್ತು. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದರು.

ಅಮ್ಮ ಯಾವ ಅವಸರವೂ ಇಲ್ಲದೆ ಮೂರು ಹೆಜ್ಜೆ ನಡೆದು, ಸೀಟಿನ ಧೂಳು ಒರೆಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಹೂಂ, ಕೂತೆ. ಈಗ ಹೊರಡು" ಎಂದರು.

ಮಗಳು ಹೊರಗಿನ ಕನ್ನಡಿ ನೋಡಿದಳು, ಒಳಗಿನ ಕನ್ನಡಿ ನೋಡಿದಳು. ಯಾರೂ ಏನೂ ಬಡಿಯಲಿಲ್ಲ. ಬಸ್ಸು ಹೊರಟಿತು.

ಮುಖ್ಯಸ್ಥೆ ಕಾಗದದಲ್ಲಿ ಒಂದು ಸಾಲು ಬರೆದು, ಪೆನ್ನು ಜೇಬಿಗಿಟ್ಟು, ಕಾಲು ಚಾಚಿ ಕೂತಳು. ಅಳಿಯ ಅರ್ಧ ಎದ್ದು, "ಖಾಯಂ ಅಂತೆ ಮಾವ! ಅತ್ತೆ, ಖಾಯಂ ಅಂತೆ!" ಎಂದು ಕೂಗಿದವನು, ಬಸ್ಸು ತಿರುವಿಗೆ ಹೊರಳಿದ್ದರಿಂದ ಧಪ್ಪೆಂದು ಮತ್ತೆ ಸೀಟಿಗೆ ಬಿದ್ದ.

"ಇವರೊಬ್ಬರು ಕೂತ್ಕೊಳ್ಳೋದು ಕಲೀಬೇಕು" ಎಂದಳು ಮಗಳು, ಕಣ್ಣು ರಸ್ತೆಯಿಂದ ತೆಗೆಯದೆ.

ತಿರುವು ಕಳೆದ ಮೇಲೆ ಎದುರಿಗೆ ಗೋಪುರ ಕಂಡಿತು, ಬುಡದಿಂದ ತುದಿಯವರೆಗೆ ಬಿಸಿಲು. ಕಂಡಕ್ಟರು ಅದನ್ನು ಮೊದಲ ಸಲ ನೋಡುವವರಂತೆ ಕತ್ತೆತ್ತಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಒಂದಕ್ಷರವೂ ಅರ್ಥವಾಗದ ಆ ಎಂಟು ಜನರ ಕಡೆ ತಿರುಗಿ, ಆರು ವರ್ಷದಿಂದ ಒಳಗೇ ಉಳಿದಿದ್ದ ದನಿಯಲ್ಲಿ ಕೂಗಿದರು:

"ಗೋಪುರ, ಗೋಪುರ! ಗೋಪುರ ಇಳಿಯೋರು ಮುಂದೆ ಬನ್ನಿ! ಬಸ್ ನಿಂತ ಮೇಲೆ ಏಳಿ, ಅವಸರ ಇಲ್ಲ, ನಮ್ಮ ಡ್ರೈವರು ಕಾಯ್ತಾರೆ!"

"ಅಂತೂ ಕಾಣಿಸ್ತಲ್ಲ ನಿಮಗೆ ಗೋಪುರ" ಎಂದರು ಹೆಂಡತಿ.